ಒಂದು ಸಾಲಿನ ಬೆಲೆ: ಜನನ–ಮರಣ ದಾಖಲೆಯ ಚರಿತ್ರೆ



ನಿಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ನಿಮ್ಮ ಜನ್ಮದಿನಾಂಕ ಅಚ್ಚಾಗಿರುತ್ತದೆ. ಅದು ಅಲ್ಲಿಗೆ ಬಂದದ್ದು ಶಾಲೆಯ ದಾಖಲಾತಿ ಪುಸ್ತಕದಿಂದ. ಆ ಪುಸ್ತಕಕ್ಕೆ ಬಂದದ್ದು ನೀವು ಹುಟ್ಟಿದಾಗ ಯಾರೋ ಒಬ್ಬರು ತುಂಬಿದ ಒಂದು ನಮೂನೆಯಿಂದ. ಈಗ ನಿಮ್ಮ ಮನೆಯ ಹಿರಿಯರ ಜನ್ಮದಿನಾಂಕಗಳನ್ನು ವಿಚಾರಿಸಿ ನೋಡಿ. ಅವರಲ್ಲಿ ಹಲವರು ಜೂನ್ ತಿಂಗಳ ಯಾವುದೋ ಒಂದು ದಿನ ಹುಟ್ಟಿದವರೆಂದು ದಾಖಲೆ ಹೇಳೀತು. ಆ ಕಾಲದಲ್ಲಿ ಹುಡುಗನನ್ನು ಶಾಲೆಗೆ ಕರೆತಂದಾಗ ಮೇಷ್ಟ್ರು ಅವನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕಿದರೆ ವಯಸ್ಸು ಆಯಿತೆಂದು ತಿಳಿದು, ಶಾಲೆಯ ವರ್ಷಕ್ಕೆ ಹೊಂದುವ ಒಂದು ದಿನಾಂಕವನ್ನು ತಾವೇ ಬರೆದುಕೊಳ್ಳುತ್ತಿದ್ದರು. ಕೆಲಸಕ್ಕೆ ಸೇರುವಾಗಲೂ ನಿವೃತ್ತರಾಗುವಾಗಲೂ ಆ ದಿನಾಂಕವೇ ಆ ಮನುಷ್ಯನ ಬೆನ್ನಿಗಿರುತ್ತಿತ್ತು.

ಇದು ಒಬ್ಬೊಬ್ಬರ ಮಾತಾಯಿತು. ಆದರೆ ಇಡೀ ಊರಿನ, ಇಡೀ ದೇಶದ ಜನನ ಮರಣಗಳನ್ನು ಹೀಗೆಯೇ ಅಂದಾಜಿನಲ್ಲಿ ಬರೆದರೆ ಏನಾದೀತು? ಒಂದು ಸಾಲನ್ನು ಸರಿಯಾಗಿ ಬರೆದದ್ದರಿಂದ ಒಂದು ಬಡಾವಣೆಯೇ ತನ್ನ ರೋಗದ ಮೂಲವನ್ನು ಕಂಡುಕೊಂಡದ್ದುಂಟು. ಒಂದು ಸಾಲನ್ನು ಉಡಾಫೆಯಿಂದ ಬರೆದದ್ದರಿಂದ ಲಕ್ಷಾಂತರ ಜನರ ಸಾವು ಲೆಕ್ಕದಿಂದ ಮರೆಯಾದದ್ದೂ ಉಂಟು. ಈ ಎರಡೂ ಬಗೆಯ ಉದಾಹರಣೆಗಳನ್ನು ಚರಿತ್ರೆಯಿಂದ ಆಯ್ದು ನೋಡೋಣ.

ಕಲ್ಲಿನಿಂದ ಕಾಗದಕ್ಕೆ

ಹುಟ್ಟು ಸಾವುಗಳನ್ನು ಬರೆದಿಡುವುದು ನಮಗೆ ಹೊಸತೇನಲ್ಲ. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಯಾರು, ಯಾವ ಕಾಳಗದಲ್ಲಿ, ಯಾತಕ್ಕಾಗಿ ಮಡಿದರೆಂಬುದನ್ನು ತಿಳಿಸುತ್ತವೆ. ಜೈನರ ನಿಸಿದಿ ಶಾಸನಗಳು ವ್ರತ ಹಿಡಿದು ದೇಹ ಬಿಟ್ಟವರ ನೆನಪನ್ನು ಕಾಪಾಡಿವೆ. ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನು ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣಬಿಟ್ಟನೆಂಬುದು ನಮಗೆ ತಿಳಿದಿರುವುದು ಶಾಸನದ ಬಲದಿಂದಲೇ. ಇನ್ನು ಹುಟ್ಟಿನ ವಿಷಯಕ್ಕೆ ಬಂದರೆ, ತಿಥಿ, ವಾರ, ನಕ್ಷತ್ರಗಳನ್ನು ಗುರುತಿಸಿದ ಜಾತಕಗಳಿದ್ದವು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಲ್ಲು ಹಾಕಿಸುವುದು ವೀರನಿಗೆ, ಯತಿಗೆ, ಅರಸನಿಗೆ. ಜಾತಕ ಬರೆಸುವುದು ಅನುಕೂಲವಿದ್ದ ಮನೆಯ ಮಗುವಿಗೆ. ಕೂಲಿಯ ಮನೆಯಲ್ಲಿ ಹುಟ್ಟಿ ಮೂರನೆಯ ದಿನವೇ ತೀರಿಹೋದ ಹಸುಗೂಸಿಗೆ ಕಲ್ಲೂ ಇಲ್ಲ, ಓಲೆಯೂ ಇಲ್ಲ. ಎಲ್ಲರ ಹೆಸರನ್ನೂ ಒಂದೇ ಪುಸ್ತಕದಲ್ಲಿ, ಒಂದೇ ಬಗೆಯ ಕಲಂಗಳಲ್ಲಿ ಬರೆಯಬೇಕೆಂಬ ಯೋಚನೆ ಬಹಳ ಈಚಿನದು. ಅದು ಬೆಳೆದ ಬಗೆಯನ್ನು ತಿಳಿಯಲು ಸ್ವಲ್ಪ ಹೊತ್ತು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಏಕೆಂದರೆ ಮುಂದೆ ನಮ್ಮ ದೇಶಕ್ಕೆ ಬಂದ ಪದ್ಧತಿ ಅಲ್ಲಿಯದೇ.

ಲಂಡನ್ನಿನ ಶೋಧಕಿಯರು

1538ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಚರ್ಚಿನ ಪಾದ್ರಿಯೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ. ಮುಂದೆ ಪ್ಲೇಗಿನ ಹಾವಳಿ ಹೆಚ್ಚಿದಾಗ ಲಂಡನ್ನಿನಲ್ಲಿ ವಾರವಾರವೂ ಸತ್ತವರ ಪಟ್ಟಿಯನ್ನು ಅಚ್ಚುಮಾಡಿ ಮಾರುವ ರೂಢಿ ಬಂತು. ಶ್ರೀಮಂತರು ಅದನ್ನು ಕೊಂಡು ನೋಡಿ, ಊರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಈ ಪಟ್ಟಿಗಳನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ಓದಿದವನು ಜಾನ್ ಗ್ರಾಂಟ್. ಅವನು ವಿದ್ವಾಂಸನಲ್ಲ, ವೈದ್ಯನಲ್ಲ, ಲಂಡನ್ನಿನ ಒಬ್ಬ ಜವಳಿ ಸಾಮಾನಿನ ವ್ಯಾಪಾರಿ. ಹತ್ತಾರು ವರ್ಷಗಳ ಪಟ್ಟಿಗಳನ್ನು ಕಲೆಹಾಕಿ 1662ರಲ್ಲಿ ಅವನು ಪ್ರಕಟಿಸಿದ ಪುಸ್ತಕವೇ ಜನಸಂಖ್ಯಾಶಾಸ್ತ್ರಕ್ಕೆ ಬುನಾದಿಯಾಯಿತು. ಹೆಣ್ಣು ಮಕ್ಕಳಿಗಿಂತ ಗಂಡು ಮಕ್ಕಳು ಸ್ವಲ್ಪ ಹೆಚ್ಚಾಗಿ ಹುಟ್ಟುತ್ತಾರೆಂಬುದನ್ನು ಅವನು ಅಂಕಿಗಳಿಂದ ತೋರಿಸಿದ. ಹುಟ್ಟಿದ ನೂರು ಮಕ್ಕಳಲ್ಲಿ ಮೂವತ್ತಾರು ಮಕ್ಕಳು ಆರು ವರ್ಷ ತುಂಬುವುದರೊಳಗೆ ಸಾಯುತ್ತಾರೆಂದು ಅಂದಾಜು ಮಾಡಿದ.

ಗ್ರಾಂಟ್ ಇನ್ನೊಂದು ಕೆಲಸವನ್ನೂ ಮಾಡಿದ. ತನ್ನ ಕೈಯಲ್ಲಿದ್ದ ಲೆಕ್ಕ ಎಷ್ಟು ನಂಬಲರ್ಹ ಎಂದು ಪರೀಕ್ಷಿಸಿದ. ಸಾವಿನ ಕಾರಣವನ್ನು ನಿರ್ಧರಿಸುತ್ತಿದ್ದವರು ಶೋಧಕಿಯರೆಂದು ಕರೆಯಲ್ಪಡುತ್ತಿದ್ದ ಬಡ ಮುದುಕಿಯರು. ಸತ್ತವರ ಮನೆಗೆ ಹೋಗಿ ಹೆಣ ನೋಡಿ, ಮನೆಯವರನ್ನು ಕೇಳಿ, ಕಾರಣ ಹೇಳುವುದು ಅವರ ಕೆಲಸ. ಮನೆತನದ ಮರ್ಯಾದೆಗೆ ಕುಂದೆನಿಸುವ ಲೈಂಗಿಕ ರೋಗದಿಂದ ಸತ್ತವರ ಮನೆಯಲ್ಲಿ ಒಂದು ಲೋಟ ಮದ್ಯ, ಒಂದಿಷ್ಟು ಪುಡಿಗಾಸು ಸಿಕ್ಕಿದರೆ ಅವರು ಅದನ್ನು ಕ್ಷಯವೆಂದು ಹೇಳಿಬಿಡುತ್ತಿದ್ದರೆಂದು ಗ್ರಾಂಟ್ ಗುರುತಿಸಿದ. ಪ್ಲೇಗಿನ ಸಾವುಗಳಲ್ಲಿಯೂ ಒಂದು ಪಾಲು ಬೇರೆ ರೋಗಗಳ ಹೆಸರಿನಲ್ಲಿ ಅಡಗಿದೆಯೆಂದು ಕಂಡುಕೊಂಡ. ಅಂಕಿಅಂಶ ಶಾಸ್ತ್ರದ ಮೊದಲ ಪುಸ್ತಕದಲ್ಲಿಯೇ ಅಂಕಿಗಳು ಸುಳ್ಳಾಗುವ ಬಗೆಯೂ ದಾಖಲಾಗಿರುವುದು ಅರ್ಥಪೂರ್ಣವಾಗಿದೆ. ಲಜ್ಜೆ, ಭಯ, ಲಂಚ ಇವು ಮೂರೂ ಅಂದಿನಿಂದ ಇಂದಿನವರೆಗೆ ದಾಖಲೆಯ ಶತ್ರುಗಳು.

ಎಂಬತ್ತಮೂರು ಸಾಲುಗಳು

1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಕೆಲಸ ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂತು. ಅಲ್ಲಿನ ನೋಂದಣಿ ಕಚೇರಿಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತ ವಿಲಿಯಂ ಫಾರ್ ಎಂಬ ವೈದ್ಯ, ರೋಗಗಳಿಗೆ ಒಬ್ಬೊಬ್ಬ ಡಾಕ್ಟರು ಒಂದೊಂದು ಹೆಸರು ಬರೆಯುವುದನ್ನು ಕಂಡು, ಎಲ್ಲರೂ ಒಂದೇ ಪದ್ಧತಿಯ ಹೆಸರುಗಳನ್ನು ಬಳಸುವಂತೆ ಮಾಡಲು ದಶಕಗಳ ಕಾಲ ಶ್ರಮಿಸಿದ.

ಇದರ ಫಲ 1854ರಲ್ಲಿ ಕಂಡಿತು. ಆ ವರ್ಷ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಭೀಕರವಾಗಿ ಹಬ್ಬಿತು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ಬಹುಮಂದಿ ನಂಬಿದ್ದ ಕಾಲ ಅದು. ನೀರಿನಿಂದ ಬರುತ್ತದೆಂದು ವಾದಿಸುತ್ತಿದ್ದ ಜಾನ್ ಸ್ನೋ ಎಂಬ ವೈದ್ಯ ನೋಂದಣಿ ಕಚೇರಿಗೆ ಹೋಗಿ, ಸೆಪ್ಟೆಂಬರ್ 2ಕ್ಕೆ ಕೊನೆಗೊಂಡ ವಾರದಲ್ಲಿ ಆ ಭಾಗದಲ್ಲಿ ಕಾಲರಾದಿಂದ ಸತ್ತವರ ಪಟ್ಟಿ ಕೇಳಿ ಪಡೆದ. ಅದರಲ್ಲಿ 83 ಸಾವುಗಳು ಆ ವಾರದ ಕೊನೆಯ ಮೂರು ದಿನಗಳಲ್ಲಿ ಆದವು. ಪ್ರತಿಯೊಂದರ ಮುಂದೆಯೂ ವಿಳಾಸವಿತ್ತು. ಸ್ನೋ ಆ ವಿಳಾಸಗಳನ್ನು ಹಿಡಿದು ಬೀದಿಗೆ ಹೋದ. ಹೆಚ್ಚಿನ ಮನೆಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತಲೇ ಇದ್ದವು. ದೂರವಿದ್ದ ಮನೆಗಳಲ್ಲಿ ವಿಚಾರಿಸಿದಾಗ, ಅವರಲ್ಲಿ ಕೆಲವರು ಆ ಪಂಪಿನ ನೀರನ್ನೇ ಇಷ್ಟಪಟ್ಟು ತರಿಸುತ್ತಿದ್ದರೆಂದು ತಿಳಿಯಿತು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು.

ಈ ಕಥೆಯನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರಬಹುದು. ಅಲ್ಲಿ ಸ್ನೋ ನಾಯಕ. ಆದರೆ ಹೆಸರೇ ಉಳಿಯದ ಗುಮಾಸ್ತರ ಪಾತ್ರವನ್ನು ಮರೆಯಬಾರದು. ವಿಳಾಸದ ಕಲಂನಲ್ಲಿ ‘ಲಂಡನ್’ ಎಂದಷ್ಟೇ ಬರೆದು, ಕಾರಣದ ಕಲಂನಲ್ಲಿ ‘ಹೊಟ್ಟೆಯ ತೊಂದರೆ’ ಎಂದು ಬರೆದು ಅವರು ಕೈತೊಳೆದುಕೊಂಡಿದ್ದರೆ ಸ್ನೋ ಯಾವ ಬೀದಿಗೆ ಹೋಗಬೇಕಿತ್ತು?

ಮುಂದೆ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋಂ ಸಾವಿನ ಕಾರಣಗಳ ಒಂದು ಅಂತರರಾಷ್ಟ್ರೀಯ ಪಟ್ಟಿಯನ್ನು ಮುಂದಿಟ್ಟ. ಅದೇ ಬೆಳೆದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾಗಿದೆ. ಅದರ ಹನ್ನೊಂದನೆಯ ಪರಿಷ್ಕರಣೆ 2022ರಲ್ಲಿ ಜಾರಿಗೆ ಬಂತು.

‘ಜ್ವರ’ ಎಂಬ ಒಂದು ಪದ

ಈಗ ನಮ್ಮ ದೇಶಕ್ಕೆ ಬರೋಣ. ಬ್ರಿಟಿಷ್ ಆಳ್ವಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಪ್ರಾಂತ ಪ್ರಾಂತಗಳಲ್ಲಿ ನೋಂದಣಿ ಆರಂಭವಾಯಿತು. 1873ರಲ್ಲಿ ಬಂಗಾಳಕ್ಕೆ ಒಂದು ಕಾಯಿದೆ ಬಂತು. 1886ರಲ್ಲಿ ಜನನ, ಮರಣ ಮತ್ತು ವಿವಾಹಗಳ ನೋಂದಣಿ ಕಾಯಿದೆ ಬಂತು. ಅದು ಇಷ್ಟವಿದ್ದವರು ಬರೆಸಿಕೊಳ್ಳಬಹುದಾದ ವ್ಯವಸ್ಥೆ, ಕಡ್ಡಾಯವಲ್ಲ. ಹಳ್ಳಿಗಳಲ್ಲಿ ಸುದ್ದಿ ಒಯ್ಯುತ್ತಿದ್ದವರು ಗ್ರಾಮದ ಮುಖ್ಯಸ್ಥರು ಮತ್ತು ಕಾವಲುಗಾರರು. ಅವರಲ್ಲಿ ಅನೇಕರಿಗೆ ಓದು ಬರಹವಿರಲಿಲ್ಲ. ರೋಗ ಗುರುತಿಸುವ ತರಬೇತಿಯಂತೂ ಇರಲೇ ಇಲ್ಲ.

ಅವರು ತುಂಬಿಸಬೇಕಿದ್ದ ಕಲಂಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಆಮಶಂಕೆ ಮತ್ತು ಭೇದಿ, ಗಾಯ ಮುಂತಾದುವು. ವಾಂತಿಭೇದಿಯನ್ನೂ ಸಿಡುಬಿನ ಗುಳ್ಳೆಗಳನ್ನೂ ಯಾರಾದರೂ ಗುರುತಿಸಬಲ್ಲರು. ಉಳಿದ ಬಹುತೇಕ ಸಾವುಗಳು ಹೋಗಿ ಸೇರುತ್ತಿದ್ದುದು ‘ಜ್ವರ’ದ ಕಲಂಗೆ. ಮಲೇರಿಯಾ, ವಿಷಮಶೀತ ಜ್ವರ, ಕ್ಷಯ, ಬಾಣಂತಿಯ ನಂಜು, ನ್ಯುಮೋನಿಯಾ ಎಲ್ಲವೂ ಒಂದೇ ಪದದಲ್ಲಿ ಕರಗಿಹೋಗುತ್ತಿದ್ದವು. ವರ್ಷ ವರ್ಷವೂ ಸರ್ಕಾರಿ ವರದಿಗಳಲ್ಲಿ ಅತಿ ದೊಡ್ಡ ಸಂಖ್ಯೆ ಜ್ವರದ್ದೇ.

ಇದಕ್ಕೆ ತೆತ್ತ ಬೆಲೆ 1918ರಲ್ಲಿ ಬಯಲಾಯಿತು. ಮೊದಲ ಮಹಾಯುದ್ಧದ ಕೊನೆಯಲ್ಲಿ ಜಗತ್ತನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಭಾರತವನ್ನು ಅತ್ಯಂತ ಭೀಕರವಾಗಿ ಕಾಡಿತು. ಆಗಿನ ನಮೂನೆಯಲ್ಲಿ ಇನ್‌ಫ್ಲುಯೆಂಜಾಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. ಸಾವುಗಳು ಜ್ವರದ ಮತ್ತು ಶ್ವಾಸಕೋಶದ ರೋಗಗಳ ಲೆಕ್ಕಕ್ಕೆ ಹೋದವು. ಸುದ್ದಿ ಒಯ್ಯಬೇಕಾದವರೇ ಹಾಸಿಗೆ ಹಿಡಿದ ಊರುಗಳಲ್ಲಿ ಯಾವ ಲೆಕ್ಕಕ್ಕೂ ಹೋಗಲಿಲ್ಲ. ಹೀಗಾಗಿ ಅಧಿಕಾರಿಗಳು ಹಿಂದಿನ ವರ್ಷಗಳ ‘ಜ್ವರ’ದ ಸಂಖ್ಯೆಯನ್ನು ಆ ವರ್ಷದ ಸಂಖ್ಯೆಯಿಂದ ಕಳೆದು ಊಹೆ ಮಾಡಬೇಕಾಯಿತು. 1919ರ ಮೊದಲ ಸರ್ಕಾರಿ ಅಂದಾಜು ಸುಮಾರು 60 ಲಕ್ಷ ಸಾವು ಎಂದಿತು.

1921ರಲ್ಲಿ ಜನಗಣತಿ ನಡೆಯಿತು. ಹತ್ತು ವರ್ಷಗಳಲ್ಲಿ ಏರಬೇಕಿದ್ದ ದೇಶದ ಜನಸಂಖ್ಯೆ ಇಳಿದಿತ್ತು. ಭಾರತದ ಜನಗಣತಿಯ ಚರಿತ್ರೆಯಲ್ಲಿ ಹಾಗೆ ಇಳಿದ ದಶಕ ಅದೊಂದೇ. ಆಗ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗ ಸಾವಿನ ಅಂದಾಜು ಸರಿಸುಮಾರು ಎರಡು ಪಟ್ಟಾಗಿ, 1 ಕೋಟಿ 20 ಲಕ್ಷಕ್ಕೂ ಮೇಲಕ್ಕೆ ಹೋಯಿತು. ಆಮೇಲಿನ ಕೆಲವು ವಿದ್ವಾಂಸರ ಅಂದಾಜುಗಳು ಇನ್ನೂ ಹೆಚ್ಚು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಒಮ್ಮೆ ಯೋಚಿಸಿ. 60 ಲಕ್ಷಕ್ಕೂ ಹೆಚ್ಚು ಮನುಷ್ಯರು ಸತ್ತದ್ದು ಅವರವರ ಮನೆಗಳಿಗೆ ಗೊತ್ತಿತ್ತು, ದೇಶಕ್ಕೆ ಗೊತ್ತಿರಲಿಲ್ಲ.

ಅಜ್ಞಾನದ ಜೊತೆಗೆ ಭಯವೂ ದಾಖಲೆಯನ್ನು ಕೆಡಿಸುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು 1898ರಲ್ಲಿ ಬೆಂಗಳೂರಿಗೂ ಹಬ್ಬಿತು. ಮುಂಬಯಿ, ಪುಣೆಗಳಲ್ಲಿ ಅಧಿಕಾರಿಗಳು ಮನೆ ಶೋಧಿಸಿ ರೋಗಿಗಳನ್ನು ಎತ್ತಿಕೊಂಡು ಹೋಗುತ್ತಾರೆಂದು ಜನ ರೋಗಿಗಳನ್ನು ಅಡಗಿಸಿದರು, ಸಾವುಗಳನ್ನೂ ಮರೆಮಾಚಿದರು. ನಂಬಿಕೆಯಿಲ್ಲದ ಕಡೆ ಸರಿಯಾದ ದಾಖಲೆ ಹುಟ್ಟುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

1969ರ ಕಾಯಿದೆ ಮತ್ತು ಅನಂತರ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ನಮ್ಮ ಜನನ ಮರಣ ಅಂಕಿಅಂಶಗಳ ದೌರ್ಬಲ್ಯವನ್ನು ಎತ್ತಿ ತೋರಿಸಿತು. ಇಡೀ ದೇಶಕ್ಕೆ ಒಂದೇ ಬಗೆಯ ಕಡ್ಡಾಯ ಕಾನೂನು ಬಂದದ್ದು 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದಿಂದ. ಬಹುತೇಕ ರಾಜ್ಯಗಳಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಅದರ ಮುಖ್ಯ ನಿಯಮಗಳು ಸರಳವಾಗಿವೆ. ಜನನ ಅಥವಾ ಮರಣ ಸಂಭವಿಸಿದ 21 ದಿನಗಳೊಳಗೆ ವರದಿ ಮಾಡಬೇಕು. ಮನೆಯಲ್ಲಾದರೆ ಮನೆಯ ಯಜಮಾನರು ಅಥವಾ ಹತ್ತಿರದ ಬಂಧುಗಳು, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿಗಳು ಇದಕ್ಕೆ ಹೊಣೆ. ನೋಂದಣಿ ಆಗಬೇಕಾದದ್ದು ಘಟನೆ ನಡೆದ ಸ್ಥಳದಲ್ಲಿ. ಕುಟುಂಬದ ಸ್ವಂತ ಊರಿನಲ್ಲಲ್ಲ. ತವರಿಗೆ ಬಂದ ಮಗಳು ಅಲ್ಲಿ ಹೆತ್ತರೆ ಮಗುವಿನ ಹೆಸರು ತವರೂರಿನ ಪುಸ್ತಕದಲ್ಲಿರುತ್ತದೆ. 21 ದಿನ ಕಳೆದು 30 ದಿನಗಳೊಳಗಾದರೆ ತಡವಾದದ್ದಕ್ಕೆ ಶುಲ್ಕ ಕೊಡಬೇಕು. ಅದರಾಚೆ ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿಯೂ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ.

2023ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಯಿತು. ಆ ವರ್ಷದ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಇವೇ ಮೊದಲಾದವುಗಳಿಗೆ ಜನ್ಮದಿನಾಂಕದ ಆಧಾರ ಜನನ ಪ್ರಮಾಣಪತ್ರವೇ. ಕಿವಿ ಮುಟ್ಟಿಸಿ ವಯಸ್ಸು ಬರೆಯುವ ಕಾಲ ಕಾನೂನಿನಲ್ಲಿ ಮುಗಿಯಿತು. ಆದರೆ ಆ ಒಂದು ಕಾಗದದಲ್ಲಿ ತಪ್ಪಾದರೆ ಅದರ ಭಾರವೂ ಈಗ ಹೆಚ್ಚು.

ತಪ್ಪುಗಳು ಎಲ್ಲಿ ಹುಟ್ಟುತ್ತವೆ?

ಮೊದಲನೆಯದು ದಿನಾಂಕ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಸರ್ಕಾರಿ ದಿನಾಂಕ ನಡುರಾತ್ರಿಗೆ ಬದಲಾಗುತ್ತದೆ. ಸೋಮವಾರ ರಾತ್ರಿ ಕಳೆದು ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವಿಗೆ ಅಜ್ಜಿ ಸೋಮವಾರ ಎನ್ನುತ್ತಾರೆ. ಅದು ಅವರ ಲೆಕ್ಕದಲ್ಲಿ ಸರಿಯೇ. ನಮೂನೆಯಲ್ಲಿ ಮಾತ್ರ ಮಂಗಳವಾರದ ದಿನಾಂಕ ಬರಬೇಕು.

ಎರಡನೆಯದು ಹೆಸರು. ತೊಟ್ಟಿಲಲ್ಲಿಟ್ಟ ಹೆಸರು ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು, ಶಾಲೆಯಲ್ಲಿ ಬರೆಸುವುದು ಮತ್ತೊಂದು ಆಗುವುದುಂಟು. ತಂದೆ ತಾಯಿಯರ ಹೆಸರುಗಳನ್ನು ಅವರ ಬೇರೆ ದಾಖಲೆಗಳಲ್ಲಿರುವಂತೆಯೇ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಕ್ಷರ ತಪ್ಪದೆ ಬರೆಯಬೇಕು. ನಾಮಕರಣ ಆಗಿಲ್ಲವೆಂದು ನೋಂದಣಿಯನ್ನು ಮುಂದೂಡಬೇಕಾಗಿಲ್ಲ. ಮಗುವಿನ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಮೂರನೆಯದು ತೀರಿಕೊಂಡವರ ವಯಸ್ಸು. ದೊಡ್ಡವರಿಗೆ ತುಂಬಿದ ವರ್ಷಗಳನ್ನು ಬರೆಯಬೇಕು. ಒಂದು ವರ್ಷ ತುಂಬದ ಮಗುವಿಗೆ ತಿಂಗಳುಗಳಲ್ಲಿ, ಒಂದು ತಿಂಗಳು ತುಂಬದಿದ್ದರೆ ದಿನಗಳಲ್ಲಿ, ಒಂದು ದಿನವೂ ತುಂಬದಿದ್ದರೆ ಗಂಟೆಗಳಲ್ಲಿ ಬರೆಯಬೇಕು. ಹನ್ನೊಂದು ತಿಂಗಳ ಮಗುವಿಗೆ ‘ಒಂದು ವರ್ಷ’ ಎಂದು ಬರೆದರೆ ಅದು ಶಿಶುಮರಣದ ಲೆಕ್ಕದಿಂದಲೇ ಹೊರಬೀಳುತ್ತದೆ. ಹಾಗೆಯೇ ಹುಟ್ಟಿ ಒಂದು ಬಾರಿ ಉಸಿರಾಡಿ ತೀರಿಹೋದ ಮಗುವಿಗೆ ಜನನ ಮತ್ತು ಮರಣ ಎರಡೂ ನೋಂದಣಿಯಾಗಬೇಕು. ಅದನ್ನು ‘ಸತ್ತು ಹುಟ್ಟಿದ್ದು’ ಎಂದು ಬರೆದರೆ ಆ ಮಗು ಬದುಕಿದ್ದ ಕೆಲವು ನಿಮಿಷಗಳೂ ಇಲ್ಲವಾಗುತ್ತವೆ, ಹೆರಿಗೆ ವ್ಯವಸ್ಥೆಯ ಕೊರತೆಯೂ ಮುಚ್ಚಿಹೋಗುತ್ತದೆ.

ನಾಲ್ಕನೆಯದು ಸಾವಿನ ಕಾರಣ. ಇದು ವೈದ್ಯರ ಹೊಣೆ. ಹಳೆಯ ‘ಜ್ವರ’ದ ಜಾಗದಲ್ಲಿ ಈಗ ‘ಹೃದಯ ನಿಂತಿತು’ ಎಂಬ ಮಾತು ಕುಳಿತಿರುವುದನ್ನು ಕಾಣಬಹುದು. ಯಾರು ಸತ್ತರೂ ಹೃದಯ ನಿಲ್ಲುತ್ತದೆ; ಅದು ಕಾರಣವಲ್ಲ, ಸಾವಿನ ಇನ್ನೊಂದು ಹೆಸರು. ವೈದ್ಯಕೀಯ ಪ್ರಮಾಣಪತ್ರ ಕೇಳುವುದು ಒಂದು ಸರಪಳಿಯನ್ನು. ಕೊನೆಯಲ್ಲಿ ಏನಾಯಿತು, ಅದು ಯಾವುದರಿಂದ ಬಂತು, ಎಲ್ಲಕ್ಕೂ ಮೂಲವಾದದ್ದು ಯಾವುದು ಎಂದು. ಆ ಮೂಲ ಕಾರಣವೇ ದೇಶದ ಲೆಕ್ಕಕ್ಕೆ ಬೇಕಾದದ್ದು.

ಇದು ಹಳೆಯ ಕಾಲದ ಕೊರತೆಯೆಂದು ಭಾವಿಸಬೇಡಿ. ಹಾವು ಕಡಿದು ಸಾಯುವವರ ವಿಷಯವನ್ನೇ ನೋಡಿ. ಅಧಿಕೃತ ಲೆಕ್ಕದಲ್ಲಿ ವರ್ಷಕ್ಕೆ ಕೆಲವೇ ಸಾವಿರ ಸಾವುಗಳು ಕಾಣುತ್ತಿದ್ದವು. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆಯನ್ನು ಬಳಸಿಕೊಂಡು, ಸಾವು ಸಂಭವಿಸಿದ ಮನೆಗಳಿಗೇ ಹೋಗಿ ವಿಚಾರಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2005ರಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 46 ಸಾವಿರ. ಅವರಲ್ಲಿ ಬಹುಮಂದಿ ಸತ್ತದ್ದು ಹಳ್ಳಿಗಳಲ್ಲಿ, ಆಸ್ಪತ್ರೆ ಸೇರುವ ಮೊದಲೇ. ಎಲ್ಲಿ ಎಷ್ಟು ಸಾವು ಎಂದು ತಿಳಿಯದಿದ್ದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ವಿಷನಿರೋಧಕ ಮದ್ದು ಕಳುಹಿಸಬೇಕೆಂಬುದು ಹೇಗೆ ತಿಳಿದೀತು? 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿದ್ದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ತಿದ್ದುವುದಕ್ಕೂ ಒಂದು ಮರ್ಯಾದೆ

ಬರೆದದ್ದರಲ್ಲಿ ತಪ್ಪು ಕಂಡರೆ ಏನು ಮಾಡಬೇಕು? ಕಾಯಿದೆಯ 15ನೆಯ ಪ್ರಕರಣ ಇದಕ್ಕೆ ದಾರಿ ಹೇಳಿದೆ. ನೋಂದಣಾಧಿಕಾರಿಗಳಿಗೆ ತಪ್ಪು ಮನವರಿಕೆಯಾದರೆ ಅವರು ಪುಸ್ತಕದ ಅಂಚಿನಲ್ಲಿ ಸರಿಯಾದ ಮಾಹಿತಿಯನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕುತ್ತಾರೆ. ಮೂಲ ಬರಹವನ್ನು ಅಳಿಸುವಂತಿಲ್ಲ. ಮೊದಲು ಏನು ಬರೆದಿತ್ತು, ಯಾವಾಗ ತಿದ್ದಲಾಯಿತು ಎಂಬುದೆಲ್ಲ ಅಲ್ಲಿಯೇ ಉಳಿಯುತ್ತದೆ. ಚರಿತ್ರೆಯ ವಿದ್ಯಾರ್ಥಿಗಳು ಈ ನಿಯಮವನ್ನು ವಿಶೇಷವಾಗಿ ಮೆಚ್ಚಬೇಕು. ಶಾಸನದ ಅಕ್ಷರವನ್ನು ಉಜ್ಜಿ ಹಾಕಿ ಹೊಸದನ್ನು ಕೆತ್ತುವುದಕ್ಕೂ, ಪಕ್ಕದಲ್ಲಿ ಟಿಪ್ಪಣಿ ಬರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಮಿತ್ರರೇ, ಮನೆಯಲ್ಲಿ ಮಗು ಹುಟ್ಟಿದಾಗ ಸಂಭ್ರಮದ ಗಡಿಬಿಡಿ, ಸಾವು ಸಂಭವಿಸಿದಾಗ ದುಃಖದ ಗಡಿಬಿಡಿ. ಇಂಥ ಸಮಯದಲ್ಲಿ ನಮೂನೆ ತುಂಬುವ ಕೆಲಸ ಓದು ಬರಹ ಬಲ್ಲ ಕಿರಿಯರ ಪಾಲಿಗೆ ಬರುವುದೇ ಹೆಚ್ಚು. ನಾಳೆ ಅದು ನಿಮ್ಮ ಕೈಗೆ ಬಂದಾಗ ಐದು ನಿಮಿಷ ಹೆಚ್ಚು ತೆಗೆದುಕೊಳ್ಳಿ. ಆಸ್ಪತ್ರೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯದೆ ತಿಳಿದವರನ್ನು ಕೇಳಿ. ತುಂಬಿದ ಮೇಲೆ ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಆ ಕಾಗದದಲ್ಲಿ ಒಂದು ಭಾಗ ನಿಮ್ಮ ಕುಟುಂಬಕ್ಕೆ ಬೇಕಾದದ್ದು. ತಾಯಿಯ ವಯಸ್ಸು, ಓದು, ಮಗುವಿನ ತೂಕ ಮುಂತಾದ ಇನ್ನೊಂದು ಭಾಗ ಅಂಕಿಅಂಶಗಳಿಗಾಗಿ ಕಳಚಿಕೊಂಡು ಹೋಗುವಂಥದು. ಅಲ್ಲಿ ನಿಮ್ಮ ಮನೆಯವರ ಹೆಸರು ಕಾಣುವುದಿಲ್ಲ. ಅವರ ಬದುಕಿನ ಒಂದು ಸಾಲು ಮಾತ್ರ ಬೇರೆಯವರ ಸಾಲುಗಳ ಜೊತೆ ಸೇರಿ, ಎಲ್ಲಿ ಆಸ್ಪತ್ರೆ ಬೇಕು, ಯಾವ ಊರಿನ ನೀರು ಕೆಟ್ಟಿದೆ, ಯಾವ ತಾಯಂದಿರಿಗೆ ಆರೈಕೆ ಸಾಲದಾಗಿದೆ ಎಂಬುದನ್ನು ಹೇಳುತ್ತದೆ. ಅದು ನಿಜ ಹೇಳುವಂತೆ ಬರೆಯುವುದು ನಮ್ಮ ಕೈಯಲ್ಲಿದೆ.